ಬೆಟ್ಟದ ಬೆಕ್ಕಿನ ತಲೆಗೆ ಕಟ್ಟಿದ್ದು

ಕಾಗೊಶಿಮಾ
೧೨ ಏಪ್ರಿಲ್ ೧೯೬೬

ಪ್ರಿಯ ತೊಮೊರಿ ಬುಂಕಿ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಬೆನ್ನು ನೆಟ್ಟಗಾಯಿತೋ ಇಲ್ಲವೋ, ನಿಜ ಹೇಳು. ನಾನು ಅಕುನೆ ಮೊರಿಯೊ. ಯುದ್ಧಕ್ಕೆ ಮುಂಚೆ ನಿಮ್ಮ ನಾಗುರಿಯ ಶಾಲೆಯಲ್ಲಿ ಮೂರು ವರ್ಷ ಮೇಷ್ಟರಾಗಿದ್ದೆನಲ್ಲ, ಅದೇ ಅಕುನೆ. ಈಗ ನಿವೃತ್ತನಾಗಿ, ದಿನಾ ಅಂಗಳಕ್ಕೆ ಬೀಳುವ ಜ್ವಾಲಾಮುಖಿಯ ಬೂದಿ ಗುಡಿಸುತ್ತ ಕೂತಿದ್ದೇನೆ. ನಿನ್ನ ವಿಳಾಸವನ್ನು ಇಶಿಗಾಕಿಯಲ್ಲಿರುವ ಒಬ್ಬ ಹಳೆಯ ಶಿಷ್ಯ ಕೊಟ್ಟ. ನೀನು ಹಂದಿಗೆ ಉರುಲು ಹಾಕುವ ಕೆಲಸದಲ್ಲಿದ್ದೀಯಂತೆ, ಬೆಟ್ಟದ ಕಲ್ಲುಕಲ್ಲೂ ನಿನಗೆ ಗೊತ್ತಂತೆ. ಹಾಗಾದರೆ ನನಗೆ ಬೇಕಾದ ಮನುಷ್ಯ ನೀನೇ.

ನಿಮ್ಮ ಇರಿಯೊಮೊತೆಯ ಬೆಟ್ಟದಲ್ಲಿ ಲೋಕ ಇನ್ನೂ ಕಾಣದ ಕಾಡುಬೆಕ್ಕು ಇದೆ ಎಂದು ಇಲ್ಲಿನ ಪತ್ರಿಕೆಗಳೆಲ್ಲ ಬರೆದವು. ವಿದ್ವಾಂಸರು ಚರ್ಮ, ತಲೆಬುರುಡೆ ಇಟ್ಟುಕೊಂಡು ಬೆರಗಾಗಿದ್ದಾರೆ. ನನಗೋ ಬೆಕ್ಕಿಗಿಂತ ಬೆಕ್ಕಿನ ಹೆಸರುಗಳ ಹುಚ್ಚು. ನಮ್ಮಲ್ಲಿ ಬೆಕ್ಕು ಎಂದರೆ ನೆಕೊ. ಬೀದಿಯಲ್ಲಿ ಅಲೆದು ತಿನ್ನುವುದು ನೊರಾನೆಕೊ. ಅದೇ ಕಾಡು ಸೇರಿ ಮನುಷ್ಯನ ಹಂಗು ಬಿಟ್ಟರೆ ನೊನೆಕೊ, ಅದನ್ನು ಹೊಡೆಯಲು ಕಾನೂನು ಬೇಟೆಗಾರನಿಗೆ ಬಿಡುತ್ತದೆ. ಹುಟ್ಟಿನಿಂದಲೇ ಬೆಟ್ಟದ್ದಾದರೆ ಯಮನೆಕೊ. ಅಮಾಮಿ, ಓಕಿನಾವಾ, ಮಿಯಾಕೊ ದ್ವೀಪಗಳ ಪದಗಳನ್ನು ಕೂಡಿಹಾಕಿದ್ದೇನೆ. ನಿಮ್ಮೂರಿನದು ಬಾಕಿ. ಒಂದು ಚಿಕ್ಕ ಪುಸ್ತಕ ಮಾಡಬೇಕೆಂದಿದ್ದೇನೆ.

ನೀನು ಜಾಣ ಹುಡುಗ. ಊರಿನ ಮಾತಾಡಿದವರಿಗೆ ಕಟ್ಟುತ್ತಿದ್ದ ಆ ಹಲಗೆ ನಿನ್ನ ಕೊರಳಿಗೆ ಬಿದ್ದದ್ದು ಕಡಿಮೆ ಎಂದು ನನ್ನ ನೆನಪು. ಉತ್ತರಕ್ಕೆ ಅಂಚೆಚೀಟಿ ಒಳಗಿಟ್ಟಿದ್ದೇನೆ.

ನಿನ್ನ ಮೇಷ್ಟರು
ಅಕುನೆ


ನಾಗುರಿ, ಇರಿಯೊಮೊತೆ
೯ ಮೇ ೧೯೬೬

ಪೂಜ್ಯ ಅಕುನೆ ಮೇಷ್ಟರಿಗೆ,

ನಿಮ್ಮ ಅಂಚೆಚೀಟಿ ಇಲ್ಲಿ ನಡೆಯುವುದಿಲ್ಲ. ನಾವೀಗ ಅಮೆರಿಕದವರ ಕೈಕೆಳಗೆ ಇದ್ದೇವೆ, ನಮ್ಮ ಚೀಟಿ ಬೇರೆ. ಅದನ್ನು ವಾಪಸು ಇಟ್ಟಿದ್ದೇನೆ.

ಹಲಗೆ ಕೊರಳಿಗೆ ಬೀಳದ ಜಾಣ ಬೇರೆ ಯಾರೋ ಇರಬೇಕು. ನನ್ನ ಕತ್ತಿನಲ್ಲಿ ಅದರ ತಂತಿಯ ಗುರುತು ಇನ್ನೂ ಇದೆ. ಅಂದು ಬೆಕ್ಕನ್ನು ಊರಿನ ಮಾತಿನಲ್ಲಿ ಕರೆದರೆ ಹಲಗೆ ಕಟ್ಟಿ ಬೆತ್ತದ ರುಚಿ ತೋರಿಸುತ್ತಿದ್ದಿರಿ. ಇಂದು ಅದನ್ನೇ ಬರೆದು ಕಳಿಸು ಎಂದು ಚೀಟಿ ಸಮೇತ ಕೇಳಿದ್ದೀರಿ. ಆಗಲಿ, ಬರೆದುಕೊಳ್ಳಿ.

ಬೆಕ್ಕು ಮಯಾ. ಮನೆಯಿಂದ ಓಡಿಹೋಗಿ ಕಾಡಂಚಿನಲ್ಲಿ ಬದುಕುವುದು ಪಿಂಗಿಮಯಾ, ಅಂದರೆ ಓಡಿಹೋದ ಬೆಕ್ಕು. ಬೆಟ್ಟದ್ದು ಯಮಮಯಾ. ಮುದುಕರು ಅದರ ಹೆಸರು ಹೇಳದೆ ‘ಕಣ್ಣು ಹೊಳೆಯೋನು’ ಎಂದೂ ಅನ್ನುತ್ತಾರೆ. ವಿದ್ವಾಂಸರು ಈಗ ಕಂಡುಹಿಡಿದಿರಬಹುದು, ನಾವು ಅದನ್ನು ತಿನ್ನಲು ಶುರು ಮಾಡಿ ಎಷ್ಟೋ ತಲೆಮಾರಾಯಿತು.

ಹಂದಿಯ ಉರುಲಿಗೆ ಎರಡೂ ಬೀಳುತ್ತವೆ. ಬಗ್ಗಿಸಿ ಕಟ್ಟಿದ ಗಿಡ ಚಿಮ್ಮಿ ಮುಂಗಾಲು ಹಿಡಿದು ಮೇಲೆತ್ತುತ್ತದೆ. ಪಿಂಗಿಮಯಾ ಕಿರುಚಿ ಬೆಟ್ಟ ಒಂದು ಮಾಡುತ್ತದೆ. ಯಮಮಯಾ ಕಿರುಚುವುದಿಲ್ಲ. ಕಾಲಿನ ಮೂಳೆ ಚರ್ಮ ಸೀಳಿ ಹೊರಬಂದಿದ್ದರೂ ಸುಮ್ಮನೆ ನೋಡುತ್ತದೆ. ಬಡಿಗೆಯಿಂದ ಮೂಗಿನ ಮೇಲೆ ಒಂದೇ ಏಟು ಹಾಕಬೇಕು. ತಪ್ಪಿದರೆ ನಮ್ಮ ಮುಂಗೈ ಹೋದಂತೆಯೇ. ಮಾಂಸ ಬೇಯಿಸಿ ಸಾರು ಕುಡಿದರೆ ಜ್ವರಕ್ಕೆ, ಕಣ್ಣಿಗೆ ಒಳ್ಳೆಯದು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಾಡುವುದಿಲ್ಲ. ಅದರ ವಾಸನೆ ಬಂದರೆ ನನ್ನ ಹೆಂಡತಿ ಎದ್ದು ಸಮುದ್ರದ ಕಡೆ ಹೋಗಿಬಿಡುತ್ತಾಳೆ.

ಹೆಂಡತಿ ನಾಬಿ. ಇರಬು ಸನ್ರಾ ಅವರ ಮಗಳು, ನನ್ನ ತರಗತಿಯಲ್ಲೇ ಇದ್ದವಳು. ನಿಮಗೆ ನೆನಪಿರಬಹುದು.

ತೊಮೊರಿ ಬುಂಕಿ


ಕಾಗೊಶಿಮಾ
೩೦ ಮೇ ೧೯೬೬

ಪ್ರಿಯ ಬುಂಕಿ,

ನೆನಪಿಲ್ಲದೆ ಏನು? ಎಡಗಣ್ಣು ಕಳೆದುಕೊಂಡ ನಾಬಿ. ಅವಳನ್ನು ನೀನು ಕೈಹಿಡಿದೆ ಎಂದು ಓದಿ ನನ್ನ ಎದೆ ತುಂಬಿ ಬಂತು. ಒಳ್ಳೆಯ ಕೆಲಸ ಮಾಡಿದೆ.

ನೀನು ಕಳಿಸಿದ ಪದಗಳನ್ನು ಒಬ್ಬ ವಿದ್ವಾಂಸರಿಗೆ ತೋರಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆಯೇ, ‘ಈ ಬೆಕ್ಕು ಮನುಷ್ಯರ ಮೇಲೆ ಬೀಳುತ್ತದೆಯೇ?’ ಬೀಳುತ್ತದೆ, ನನ್ನ ಶಾಲೆಯ ಹುಡುಗಿಯ ಮೇಲೇ ಬಿದ್ದಿದೆ ಎಂದೆ. ಅವರು ಕೂತಲ್ಲೇ ಮುಂದೆ ಬಾಗಿದರು. ನಾಬಿಯನ್ನು ಬೆಟ್ಟದ ಬೆಕ್ಕು ಪರಚಿ ಕಣ್ಣು ಕಿತ್ತದ್ದು, ಅದನ್ನು ಕೊಲ್ಲಲು ಹೋಗಿ ಅವಳ ತಂದೆ ಸತ್ತದ್ದು, ಎಲ್ಲವನ್ನೂ ಆಗಲೇ ನಾನು ಶಾಲೆಯ ದಿನಚರಿಯಲ್ಲಿ ಬರೆದಿದ್ದೆ. ಅದರ ನಕಲು ನನ್ನ ಹತ್ತಿರ ಇದೆ. ಇಷ್ಟು ವರ್ಷ ನೆಂಟರಿಷ್ಟರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕಣ್ಣು ಮುಚ್ಚಿದರೆ ಆ ಮೃಗದ ಮೈಮೇಲಿನ ಮಚ್ಚೆಗಳೂ ಕಾಣುತ್ತವೆ.

ಪುಸ್ತಕದ ಕೊನೆಗೆ ಈ ಪ್ರಸಂಗ ಹಾಕುತ್ತಿದ್ದೇನೆ, ನಾಬಿಯ ಹೆಸರು, ವಯಸ್ಸು, ಊರು ಸಮೇತ. ಅವಳ ಬಾಯಿಂದ ನಾಲ್ಕು ಮಾತು ಬರೆಸಿ ಕಳಿಸು. ಬೆಕ್ಕು ಮರದಿಂದ ಹಾರಿತೇ, ಪೊದೆಯಿಂದ ಬಂತೇ, ಇಂಥ ವಿವರ.

ಅಕುನೆ


ನಾಗುರಿ
೨೭ ಜೂನ್ ೧೯೬೬

ಮೇಷ್ಟರೇ,

ಅದನ್ನು ಹಾಕಬೇಡಿ.

ನಾಬಿಗೆ ಈ ವಿಷಯ ಎತ್ತಿದರೆ ಆಗುವುದಿಲ್ಲ. ನಾನು ಅವಳನ್ನು ಕೇಳಿಲ್ಲ, ಕೇಳುವುದೂ ಇಲ್ಲ. ನಿಮ್ಮ ಪತ್ರಗಳನ್ನು ಅವಳಿಗೆ ತೋರಿಸಿಲ್ಲ. ಹೆಸರುಗಳನ್ನು ಬೇಕಾದಷ್ಟು ಅಚ್ಚು ಹಾಕಿ, ಇನ್ನೂ ಬೇಕೆಂದರೆ ಪಕ್ಕದ ಊರಿನವನ್ನೂ ಕೇಳಿ ಕಳಿಸುತ್ತೇನೆ. ಅವಳ ಕಣ್ಣನ್ನು ಬಿಟ್ಟುಬಿಡಿ.

ಬುಂಕಿ


ಕಾಗೊಶಿಮಾ
೧೮ ಜುಲೈ ೧೯೬೬

ಬುಂಕಿ,

ನಿನ್ನ ಪತ್ರದ ಧಾಟಿ ನನಗೆ ಹಿಡಿಸಲಿಲ್ಲ. ಮೇಷ್ಟರಿಗೆ ‘ಹಾಕಬೇಡಿ’ ಎಂದು ಒಂದು ಸಾಲಿನಲ್ಲಿ ಬರೆಯುವುದನ್ನು ನಾನಂತೂ ನಿನಗೆ ಕಲಿಸಿರಲಿಲ್ಲ.

ಇದು ಮುಚ್ಚಿಡುವ ಸಂಗತಿಯೇ? ಸನ್ರಾ ಅವರಂಥ ಗಟ್ಟಿಗರು ಮಗಳಿಗಾಗಿ ಪ್ರಾಣ ಬಿಟ್ಟರು. ಅವರ ಹೆಸರು ಅಚ್ಚಿನಲ್ಲಿ ಉಳಿದರೆ ಗೌರವ ಅಲ್ಲವೇ? ನಿಮ್ಮ ಊರಿನ ಹಿರಿಯರಿಗೂ ಬರೆದಿದ್ದೆ. ಅವರು ಬಹಳ ಸಂತೋಷಪಟ್ಟಿದ್ದಾರೆ. ಮಕ್ಕಳ ಮೇಲೆ ಬೀಳುವ ಪ್ರಾಣಿ ಎಂದು ಪುಸ್ತಕದಲ್ಲಿ ಬಂದರೆ ಈ ಚಳಿಗಾಲದಲ್ಲೇ ಒಂದೂ ಉಳಿಯದಂತೆ ಉರುಲು ಹಾಕಿಸುತ್ತಾರಂತೆ. ಹಸ್ತಪ್ರತಿ ಸೆಪ್ಟೆಂಬರ್ ಕೊನೆಗೆ ಅಚ್ಚಿಗೆ ಹೋಗುತ್ತದೆ.

ಅಕುನೆ


ನಾಗುರಿ
೨೦ ಆಗಸ್ಟ್ ೧೯೬೬

ಮೇಷ್ಟರೇ,

ಒಂದು ತಿಂಗಳು ಯೋಚನೆ ಮಾಡಿದೆ. ನೀವು ಸುಮ್ಮನಾಗುವವರಲ್ಲ. ಆದ್ದರಿಂದ ಹೇಳಿಬಿಡುತ್ತೇನೆ. ನಾಬಿಯ ಕಣ್ಣು ಕಿತ್ತದ್ದು ಬೆಕ್ಕಲ್ಲ. ನಾನು.

ಆ ವಾರ ಹಲಗೆ ನನ್ನ ಕೊರಳಿಗೆ ಬಿದ್ದು ಮೂರು ದಿನವಾಗಿತ್ತು. ಕೊನೆಯ ಗಂಟೆ ಹೊಡೆದಾಗ ಅದು ಯಾರ ಕೊರಳಲ್ಲಿ ಇರುತ್ತದೋ ಅವರಿಗೆ ಹತ್ತು ಬೆತ್ತ, ನಿಮ್ಮದೇ ನಿಯಮ. ನನ್ನ ಅಂಗೈ ಒಡೆದು ಕೀವು ಕಟ್ಟಿತ್ತು. ಹಲಗೆ ದಾಟಿಸಬೇಕಾದರೆ ಇನ್ನೊಬ್ಬರ ಬಾಯಿಂದ ಊರಿನ ಮಾತು ಹೊರಡಿಸಬೇಕು. ಅದಕ್ಕೆ ನಾವು ಮಕ್ಕಳೇ ಒಂದು ಉಪಾಯ ಕಂಡುಕೊಂಡಿದ್ದೆವು. ಹಿಂದಿನಿಂದ ಹೋಗಿ ಒದೆಯುವುದು. ನೋವಾದರೆ ಶಾಲೆಯ ಮಾತಿನಲ್ಲಿ ‘ಇತಾಯಿ’ ಅನ್ನಬೇಕು. ಆದರೆ ಅದನ್ನು ನೆನಪಿಸಿಕೊಳ್ಳುವಷ್ಟರಲ್ಲಿ ನಮ್ಮ ಬಾಯಿಂದ ‘ಅಗಾ’ ಬಿದ್ದಿರುತ್ತದೆ. ಬಿತ್ತೆಂದರೆ ಹಲಗೆ ಅವರದು. ಅಣ್ಣ ತಮ್ಮನಿಗೆ, ಗೆಳೆಯ ಗೆಳೆಯನಿಗೆ ಹೊಡೆಯುತ್ತಿದ್ದೆವು. ಊಟದ ಬಿಡುವಿನಲ್ಲಿ ಶಾಲೆಯ ಹಿಂದೆ ಹಲ್ಲು ಬೀಳದ ದಿನ ಇರಲಿಲ್ಲ. ಬಿದ್ದು ಏಟಾಯಿತು ಎಂದು ನಿಮಗೆ ಹೇಳುತ್ತಿದ್ದೆವು, ನೀವು ನಂಬುತ್ತಿದ್ದಿರಿ.

ಆ ಮಧ್ಯಾಹ್ನ ನಾಬಿ ಸಮುದ್ರದ ದಂಡೆಯಲ್ಲಿ ಒಬ್ಬಳೇ ಇದ್ದಳು. ಬೆನ್ನಿಗೆ ಒದ್ದೆ. ತಿರುಗಿ ನೋಡಿ, ಪಾಠ ಒಪ್ಪಿಸುವ ಹಾಗೆ ‘ಇತಾಯಿ’ ಎಂದಳು. ಆಮೇಲೆ ನಕ್ಕು, ಅಚ್ಚುಕಟ್ಟಾಗಿ ಶಾಲೆಯ ಮಾತಿನಲ್ಲೇ ಅಂದಳು: ‘ಇನ್ನೊಂದು ಏಟು ಹೊಡೆಯುವೆಯೇನು? ಹೊಡೆ. ನನ್ನ ಬಾಯಿಂದ ಅದು ಬರುವುದಿಲ್ಲ.’

ನನಗೆ ಮೈಯೆಲ್ಲ ಉರಿಯಿತು. ಪಕ್ಕದಲ್ಲೇ ಕೇದಗೆಯ ಪೊದೆ. ಉದ್ದನೆಯ ಎರಡು ಎಲೆ ಕಿತ್ತು ಜೋಡಿಸಿ ಹಿಡಿದೆ. ಅದರ ಅಂಚಿನ ಮುಳ್ಳು ಗರಗಸದ ಹಾಗೆ ಇರುತ್ತದೆ, ನೀವು ನೋಡಿದ್ದೀರಿ. ಕಾಲಿಗೆ ಹೊಡೆದೆ, ತೋಳಿಗೆ ಹೊಡೆದೆ. ‘ಇತಾಯಿ, ಇತಾಯಿ’ ಎನ್ನುತ್ತ ನಿಂತಳು. ಮೂರನೆಯದು ಮುಖಕ್ಕೆ ಬಿತ್ತು. ಬಿತ್ತು ಎಂದು ಯಾಕೆ ಬರೆಯುತ್ತಿದ್ದೇನೆ, ಹೊಡೆದೆ. ಮುಳ್ಳು ರೆಪ್ಪೆಗೆ ಕಚ್ಚಿಕೊಂಡಿತು. ನಾನು ಎಲೆಯನ್ನು ಜಗ್ಗಿದೆ. ರಕ್ತದ ಜೊತೆ ನೀರಿನಂಥದ್ದು ಕೆನ್ನೆಯ ಮೇಲೆ ಇಳಿಯಿತು. ಅವಳು ಮಂಡಿಯೂರಿ ಕೂತಳು. ಆಗಲೂ ‘ಅಗಾ’ ಅನ್ನಲಿಲ್ಲ. ನಾನು ಓಡಿಹೋದೆ. ಅಂದು ಸಂಜೆಯ ಗಂಟೆಗೂ ಹೋಗಲಿಲ್ಲ, ಹಲಗೆಯನ್ನು ಕಲ್ಲಿನ ಸಂದಿಗೆ ಎಸೆದೆ.

ಮಾರನೆಯ ದಿನ ಎದ್ದರೆ ಊರೆಲ್ಲ ‘ಯಮಮಯಾ ಮಗು ಮೇಲೆ ಬಿತ್ತಂತೆ’ ಎಂಬುದೇ ಮಾತು. ಕೇದಗೆಯ ಗೀರು ಉಗುರಿನ ಗೀರಿನ ಹಾಗೇ ಕಾಣುತ್ತಿತ್ತು. ಸನ್ರಾ ಮಾವ ಈಟಿ ತೆಗೆದುಕೊಂಡು ನಾಯಿಗಳ ಜೊತೆ ಬೆಟ್ಟ ಹತ್ತಿದರು. ನಾಲ್ಕು ದಿನದಲ್ಲಿ ಏಳು ಬೆಕ್ಕು. ಊರಿನಲ್ಲಿ ಪಿಂಗಿಮಯಾ, ಸಾಕಿದ್ದು ಎಂದು ನೋಡದೆ ಸಿಕ್ಕಿದ್ದನ್ನೆಲ್ಲ ಗೋಡೆಗೆ ಬಡಿದರು, ಮರಿಗಳನ್ನು ಗೋಣಿಯಲ್ಲಿ ಕಟ್ಟಿ ಕಡಲಿಗೆ ಎಸೆದರು. ನಾನೂ ಎಸೆದೆ. ಐದನೆಯ ದಿನ ಮರಿ ಹಾಕಿದ ಹೆಣ್ಣುಹಂದಿ ಸನ್ರಾ ಮಾವನ ತೊಡೆಯನ್ನು ಸೊಂಟದವರೆಗೆ ಸೀಳಿತು. ಬಾಗಿಲ ಹಲಗೆಯ ಮೇಲೆ ಹೊತ್ತು ತಂದರು. ಹನ್ನೊಂದು ದಿನ ಕೊಳೆತು ಸತ್ತರು. ಅವರ ಕೂಗು ಶಾಲೆಗೂ ಕೇಳುತ್ತಿತ್ತು.

ಇಷ್ಟಾದರೂ ನಾಬಿ ನನ್ನ ಹೆಸರು ಹೇಳಲಿಲ್ಲ. ಹತ್ತು ವರ್ಷದ ಹುಡುಗಿ, ಬೆಕ್ಕಿನ ಕತೆ ಕಟ್ಟಿ ನನ್ನನ್ನು ಉಳಿಸಿದಳು. ಅಪ್ಪ ಸತ್ತ ಮೇಲೂ ಬಾಯಿ ಬಿಡಲಿಲ್ಲ. ನಾವಿಬ್ಬರೂ ಒಂದು ದಿನಕ್ಕೂ ಅದರ ಬಗ್ಗೆ ಮಾತಾಡಿಲ್ಲ. ಮದುವೆಯಾಗಿ ಹದಿನೇಳು ವರ್ಷ. ಅವಳ ಆ ಕರುಣೆಯ ಮೇಲೆ ನನ್ನ ಬದುಕು ನಿಂತಿದೆ ಮೇಷ್ಟರೇ. ಬೆಳಿಗ್ಗೆ ಎದ್ದು ಅವಳ ಮುಖ ನೋಡಿದಾಗಲೆಲ್ಲ, ಇವಳು ನನ್ನನ್ನು ಬಿಟ್ಟುಕೊಡಲಿಲ್ಲ ಎಂದು ಧೈರ್ಯ ಬರುತ್ತದೆ.

ಆ ಸುಳ್ಳನ್ನು ಅವಳ ಹೆಸರಿನಲ್ಲಿ ಅಚ್ಚು ಹಾಕಬೇಡಿ. ಅಪ್ಪನನ್ನು ಕೊಂದ ಸುಳ್ಳು ಅದು. ನೀವು ಏನೂ ತಿಳಿಯದೆ ಬರೆದಿರಿ, ಸನ್ರಾ ಮಾವನ ಮಣ್ಣಿನ ದಿನ ಏನೂ ತಿಳಿಯದೆ ಭಾಷಣ ಮಾಡಿದಿರಿ. ನೀವು ನಿರ್ದೋಷಿ. ಬೈಯುವುದಿದ್ದರೆ ನನ್ನನ್ನು ಬೈಯಿರಿ. ನಾನು ಹೇಳಿದೆ ಎಂದು ಮಾತ್ರ ಅವಳಿಗೆ ತಿಳಿಸಬೇಡಿ.

ಬುಂಕಿ


ಕಾಗೊಶಿಮಾ
೧೧ ಸೆಪ್ಟೆಂಬರ್ ೧೯೬೬

ಬುಂಕಿ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದೆ. ನಿರ್ದೋಷಿ ಎಂದು ನೀನು ಬರೆಯದೇ ಇದ್ದಿದ್ದರೆ ಬಹುಶಃ ನಾನು ಸುಮ್ಮನೆ ಇದ್ದುಬಿಡುತ್ತಿದ್ದೆ.

ನನಗೆ ಗೊತ್ತಿತ್ತು. ಅಂದೇ ಗೊತ್ತಿತ್ತು.

ಆ ದಿನ ಇಳಿಹೊತ್ತಿನಲ್ಲಿ ನಾಬಿ ಮುಖಕ್ಕೆ ಬಟ್ಟೆ ಒತ್ತಿಕೊಂಡು ನೆಟ್ಟಗೆ ನನ್ನ ಕೋಣೆಗೆ ಬಂದಳು. ಮನೆಗೂ ಹೋಗಿರಲಿಲ್ಲ. ಮೇಷ್ಟರು ನ್ಯಾಯ ಹೇಳುತ್ತಾರೆ ಎಂದು ನಂಬಿ ಬಂದಿದ್ದಳು. ‘ಬುಂಕಿ ಕೇದಗೆ ಎಲೇಲಿ ಹೊಡ್ದ, ಹಲಗೆ ದಾಟ್ಸೋಕೆ ಹೊಡ್ದ’ ಎಂದಳು. ನೋವಿನಲ್ಲಿ ಊರಿನ ಮಾತಿನಲ್ಲೇ ಹೇಳಿದಳು. ನಾನು ಏನು ಮಾಡಿದೆ ಗೊತ್ತೇ? ‘ಸರಿಯಾದ ಭಾಷೆಯಲ್ಲಿ ಹೇಳು’ ಎಂದೆ. ಹೇಳಿದಳು, ಒಂದೂ ತಪ್ಪಿಲ್ಲದೆ.

ಮೂರು ದಿನ ಬಿಟ್ಟರೆ ಮೇಲಧಿಕಾರಿ ಶಾಲೆ ನೋಡಲು ಬರುವವನಿದ್ದ. ಹಲಗೆಯಿಂದ ಭಾಷೆ ಹೇಗೆ ತಿದ್ದಿದೆ ಎಂದು ನಾನೇ ಉದ್ದನೆಯ ವರದಿ ಕಳಿಸಿದ್ದೆ. ಹಲಗೆಯ ದೆಸೆಯಿಂದ ಒಂದು ಮಗುವಿನ ಕಣ್ಣು ಹೋಯಿತು ಎಂದಾಗಿದ್ದರೆ ನನ್ನ ಗತಿ ಏನಾಗುತ್ತಿತ್ತು? ನಿಮ್ಮ ಹುಡುಗರು ಒಬ್ಬರಿಗೊಬ್ಬರು ಹೊಡೆಯುವುದೂ ನನಗೆ ಗೊತ್ತಿತ್ತು. ಕೆಲಸ ಆಗುತ್ತಿದೆಯಲ್ಲ ಎಂದು ಬಿಟ್ಟಿದ್ದೆ.

‘ನಿನಗೆ ಹೊಡೆದದ್ದು ಬೆಟ್ಟದ ಬೆಕ್ಕು’ ಎಂದೆ. ಅವಳು ಅಲ್ಲ ಎಂದಳು. ಕೆನ್ನೆಗೆ ಹೊಡೆದೆ, ಗಾಯವಿಲ್ಲದ ಕಡೆ. ಅಲ್ಲ ಎಂದಳು. ಇನ್ನೊಂದು ಹಲಗೆ ಇತ್ತು, ಅದನ್ನು ಅವಳ ಕೊರಳಿಗೆ ಕಟ್ಟಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಹೇಳುವವರೆಗೆ ಮನೆಗೆ ಬಿಡುವುದಿಲ್ಲ ಎಂದೆ. ಸೂರ್ಯ ಮುಳುಗುವವರೆಗೆ ನಿಂತಳು. ಹಲಗೆಯ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು. ಕೊನೆಗೆ ‘ಯಮನೆಕೊ’ ಎಂದಳು. ನಾನೇ ಅವಳನ್ನು ಮನೆಗೆ ಕರೆದೊಯ್ದು ಸನ್ರಾಗೆ ಕತೆ ಹೇಳಿದೆ. ಅವರು ನನ್ನ ಕೈ ಹಿಡಿದು ಕೃತಜ್ಞತೆ ಹೇಳಿದರು.

ಅವರು ಬೆಟ್ಟಕ್ಕೆ ಹೋಗುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಇದು ನೆಪ ಎಂದು ನೀನು ಅಂದರೂ ಸರಿಯೇ.

ಹೇಳುತ್ತ ಹೇಳುತ್ತ ಆ ಬೆಕ್ಕನ್ನು ನಾನೇ ನಂಬಿಬಿಟ್ಟಿದ್ದೆ. ಪುಸ್ತಕದಿಂದ ಪ್ರಸಂಗ ತೆಗೆಯುತ್ತೇನೆ.

ಅಕುನೆ ಮೊರಿಯೊ


ಕಾಗೊಶಿಮಾ
೨೪ ಅಕ್ಟೋಬರ್ ೧೯೬೬

ಬುಂಕಿ,

ಆರು ವಾರವಾಯಿತು, ನಿನ್ನಿಂದ ಉತ್ತರವಿಲ್ಲ. ನನ್ನ ಹಿಂದಿನ ಪತ್ರ ಸಿಕ್ಕಿತೇ? ಸಿಕ್ಕಿದ್ದರೆ ದಯವಿಟ್ಟು ಸುಟ್ಟುಬಿಡು. ಮೈಯಲ್ಲಿ ಹುಷಾರಿಲ್ಲದಾಗ ಬರೆದದ್ದು. ನಾವಿಬ್ಬರೂ ವಯಸ್ಸಾದವರು, ಮಿಕ್ಕವರ ನೆಮ್ಮದಿ ಕೆಡಿಸುವುದು ಬೇಡ.

ಅಕುನೆ


ನಾಗುರಿ
೧೪ ನವೆಂಬರ್ ೧೯೬೬

ಅಕುನೆ ಅವರೇ,

ನಾನು ವಯಸ್ಸಾದವನಲ್ಲ. ನನಗೆ ಮೂವತ್ತಾರು.

ನಿಮ್ಮ ಪತ್ರವನ್ನು ಸೊಂಟಕ್ಕೆ ಕಟ್ಟಿಕೊಂಡು ಎರಡು ತಿಂಗಳಿಂದ ಬೆಟ್ಟದಲ್ಲಿ ತಿರುಗುತ್ತಿದ್ದೇನೆ. ಮನೆಗೆ ಹೋಗಲು ಹೆದರಿಕೆ. ಉಣ್ಣಲು ಹೋಗುತ್ತೇನೆ, ತಲೆ ಬಗ್ಗಿಸಿ ಉಂಡು ಎದ್ದು ಬರುತ್ತೇನೆ. ಅವಳು ‘ಯಾಕೆ, ಅನ್ನ ಬೆಂದಿಲ್ವಾ?’ ಎಂದು ಕೇಳಿದಳು. ಏನೆಂದು ಹೇಳಲಿ?

ಕಳೆದ ವಾರ ಉರುಲಿನಲ್ಲಿ ಒಂದು ಯಮಮಯಾ ಸಿಕ್ಕಿತ್ತು. ಮುಂಗಾಲು ಮುರಿದು ನೇತಾಡುತ್ತಿತ್ತು. ಸುಮ್ಮನೆ ನನ್ನನ್ನೇ ನೋಡಿತು. ಬಿಡಿಸಲು ಕೈ ಹಾಕಿದೆ, ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿಹಾಕಿತು. ಕಲ್ಲು ಎತ್ತಿಕೊಂಡೆ. ಮೊದಲನೆಯ ಏಟಿಗೇ ಸತ್ತಿತ್ತು. ನಾನು ನಿಲ್ಲಿಸಲಿಲ್ಲ. ನಿಮ್ಮ ಹೆಸರು ಹೇಳುತ್ತ ಹೊಡೆದೆ, ಆಮೇಲೆ ನನ್ನ ಹೆಸರು ಹೇಳುತ್ತ ಹೊಡೆದೆ. ತಲೆ ಇದ್ದ ಜಾಗದಲ್ಲಿ ತಲೆ ಇರಲಿಲ್ಲ. ಅದರ ಹೊಟ್ಟೆಯೂ ಒಡೆದಿತ್ತು, ಒಳಗೆ ಎರಡು ಮರಿಗಳಿದ್ದವು. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ನಿಮ್ಮ ಮೇಲೆ ಸಿಟ್ಟಿದೆ, ನೀವು ಇಲ್ಲಿ ಇದ್ದಿದ್ದರೆ ಬೆಕ್ಕು ಉಳಿಯುತ್ತಿತ್ತು. ಆದರೆ ಅದಕ್ಕಿಂತ ದೊಡ್ಡ ಭಯ ಇನ್ನೊಂದು. ಅವಳು ನನ್ನನ್ನು ಉಳಿಸಲಿಲ್ಲ. ಹೇಳಿದ್ದಳು. ಹಾಗಾದರೆ ಹದಿನೇಳು ವರ್ಷದಿಂದ ನನಗೆ ಅನ್ನ ಬಡಿಸುತ್ತಿರುವವಳು ಯಾರು? ಏನು ಎಣಿಸಿಕೊಂಡು ಬಡಿಸುತ್ತಿದ್ದಾಳೆ? ಕರುಣೆ ಎಂದು ನಾನು ತಿಳಿದದ್ದು ಏನು?

ನಾಳೆ ಬೆಳಿಗ್ಗೆ ನಿಮ್ಮ ಪತ್ರವನ್ನು ಅವಳ ಮುಂದೆ ಓದುತ್ತೇನೆ.

ಬುಂಕಿ


ನಾಗುರಿ
೬ ಡಿಸೆಂಬರ್ ೧೯೬೬

ಅಕುನೆ ಮೇಷ್ಟರಿಗೆ,

ನಾನು ನಾಬಿ. ನನ್ನ ಗಂಡನ ಬಲಗೈ ಎರಡು ಕಡೆ ಮುರಿದಿದೆ, ದವಡೆಯೂ ಊದಿಕೊಂಡಿದೆ. ಅದಕ್ಕೆ ನಾನು ಬರೆಯುತ್ತಿದ್ದೇನೆ. ಒಂದೇ ಕಣ್ಣಿನಲ್ಲಿ ಸಾಲು ಓರೆಯಾಗುತ್ತದೆ, ತಿದ್ದಬೇಡಿ.

ಅವನು ನಿಮ್ಮ ಪತ್ರ ಓದಿ ಹೇಳಿದ. ಅಂಗಳದಲ್ಲಿ ನಾನು ಗೆಣಸು ತೊಳೆಯುತ್ತಿದ್ದೆ. ಅವನ ಗ್ರಹಿಕೆ ಕೇಳಿ ನನಗೆ ಆಶ್ಚರ್ಯವಾಯಿತು. ನಾನು ಅವನನ್ನು ಕಾಪಾಡಿದೆ ಎಂದು ಅಂದುಕೊಂಡಿದ್ದನಂತೆ. ನಾನು ಯಾಕೆ ಕಾಪಾಡಲಿ? ಕಣ್ಣು ಉರಿಯುತ್ತಿತ್ತು, ಓಡಿಬಂದು ಹೇಳಿದೆ. ನಾನು ದೂರು ಕೊಟ್ಟದ್ದು ಅವನಿಗೂ ಗೊತ್ತು, ಗೊತ್ತಿದ್ದೇ ಮೇಷ್ಟರ ಬೆನ್ನ ಹಿಂದೆ ಅವಿತು ಕೂತ ಎಂದೇ ಇಷ್ಟು ವರ್ಷ ನಾನು ತಿಳಿದಿದ್ದೆ. ಯುದ್ಧದ ವರ್ಷ ಮಲೇರಿಯಾದಲ್ಲಿ ಅಮ್ಮ ಹೋದ ಮೇಲೆ ಇವನು ದಿನಾ ಬಾಗಿಲಿಗೆ ಹಂದಿಯ ತೊಡೆ ತಂದಿಟ್ಟು ಹೋಗುತ್ತಿದ್ದ. ಬಾಯಿ ಮುಚ್ಚಿಸಲು ತರುತ್ತಾನೆ ಎಂದುಕೊಂಡೆ.

‘ಹಾಗಾದ್ರೆ ನನ್ನನ್ನ ಯಾಕೆ ಕಟ್ಕೊಂಡೆ?’ ಎಂದು ಕೇಳಿದ.

‘ಹಸಿವಾಗಿತ್ತು ಕಣೋ,’ ಎಂದೆ. ‘ಆಮೇಲೆ ಅಭ್ಯಾಸ ಆಯ್ತು. ಕ್ಷಮಿಸಿದೀನಿ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?’

ಅವನು ಅತ್ತ. ಅವನು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ನನಗೆ ಅಳು ಬರಲಿಲ್ಲ. ಅವನ ಮೇಲೆ ಸ್ವಲ್ಪ ಪ್ರೀತಿಯೂ ಬಂತು, ಯಾಕೆಂದರೆ ಅವನು ತಾನಾಗಿ ಪತ್ರ ತಂದು ಓದಿದ. ನೀವು ಸುಡು ಎಂದಿದ್ದಿರಂತೆ.

ಮೇಷ್ಟರೇ, ನನ್ನ ಅಪ್ಪ ಮೊದಲ ದಿನ ಹೊಡೆದ ಯಮಮಯಾವನ್ನು ಅಮ್ಮ ಸಾರು ಮಾಡಿದಳು. ನಿನ್ನ ಕಣ್ಣು ತಿಂದವನನ್ನು ನೀನು ತಿನ್ನು, ವಾಸಿಯಾಗುತ್ತೆ ಎಂದು ಮೂಗು ಹಿಡಿದು ಕುಡಿಸಿದರು. ಏಳು ಬೆಕ್ಕು, ಏಳು ಸಾರು. ಪ್ರತಿ ಬಟ್ಟಲಿನ ಮುಂದೆಯೂ ಅಪ್ಪನಿಗೆ ನಿಜ ಹೇಳಬೇಕು ಎಂದು ಬಾಯಿ ತೆರೆದೆ. ನಿಮ್ಮ ಹಲಗೆ ನೆನಪಾಗಿ ಕುಡಿದೆ. ಐದನೆಯ ದಿನ ಬೆಳಿಗ್ಗೆ ಅಪ್ಪ ಈಟಿ ಹಿಡಿದು ಹೊರಟಾಗ ಅವನ ಬಟ್ಟೆ ಹಿಡಿದು ಎಳೆದೆ. ‘ಏನಮ್ಮಾ, ಹೇಳು’ ಎಂದ. ನಾನು ಹೇಳಲಿಲ್ಲ. ಅಪ್ಪ ಸತ್ತದ್ದು ನನ್ನಿಂದ ಎಂದು ಇಪ್ಪತ್ತಾರು ವರ್ಷ ನಾನೊಬ್ಬಳೇ ಹೊತ್ತಿದ್ದೇನೆ. ನೀವಿಬ್ಬರು ಗಂಡಸರು ಆ ತಪ್ಪನ್ನು ಕಾಗದದ ಮೇಲೆ ಹಂಚಿಕೊಳ್ಳುತ್ತಿದ್ದಿರಲ್ಲ, ನನ್ನನ್ನು ಒಂದು ಮಾತು ಕೇಳಿದಿರಾ? ಪುಸ್ತಕದಲ್ಲಿ ಹಾಕುತ್ತೇನೆ ಎಂದು ಒಬ್ಬರು, ತೆಗೆಯಿರಿ ಎಂದು ಇನ್ನೊಬ್ಬರು. ನನಗೆ ನಿಮ್ಮಿಬ್ಬರ ಮೇಲೂ ಸಿಟ್ಟು ಬಂತು, ಇನ್ನೂ ಹೋಗಿಲ್ಲ.

ಊರಿನವರು ಸೇರಿ ಈ ಚಳಿಗಾಲದ ಉರುಲಿನ ಮಾತಾಡುವ ದಿನ ಬಂತು. ಹಿರಿಯರು ಬೆಕ್ಕುಗಳನ್ನು ಮುಗಿಸಿಬಿಡಬೇಕು ಎಂದು ಎದ್ದು ನಿಂತರು, ನನ್ನ ಕಡೆ ಕೈ ತೋರಿಸಿದರು. ಆಗ ನನ್ನ ಗಂಡ ಎದ್ದ. ‘ಬೆಕ್ಕಲ್ಲ, ನಾನು ಹೊಡೆದದ್ದು’ ಎಂದು ಎಲ್ಲರ ಮುಂದೆ ಹೇಳಿದ. ನಾನು ಹೇಳು ಎಂದಿರಲಿಲ್ಲ.

ನನ್ನ ಚಿಕ್ಕಪ್ಪ ಕಾನಿ ಅಲ್ಲೇ ಇದ್ದ. ಎಪ್ಪತ್ತೆರಡು ವರ್ಷ. ಅಪ್ಪನ ಜೊತೆ ಬೆಟ್ಟಕ್ಕೆ ಹೋಗಿ, ಅಪ್ಪನನ್ನು ಬಾಗಿಲ ಹಲಗೆಯ ಮೇಲೆ ಹೊತ್ತು ತಂದವನು. ದೋಣಿಯ ಹುಟ್ಟು ತೆಗೆದುಕೊಂಡು ಬಂದ. ಮೊದಲ ಏಟಿಗೆ ಕೈ ಮುರಿಯಿತು, ಎರಡನೆಯದಕ್ಕೆ ಇನ್ನೊಂದು ಕಡೆ, ಮೂರನೆಯದು ದವಡೆಗೆ. ಯಾರೂ ತಡೆಯಲಿಲ್ಲ, ನಾನೂ ತಡೆಯಲಿಲ್ಲ. ಬುಂಕಿ ಕೈ ಅಡ್ಡ ಹಿಡಿಯಲಿಲ್ಲ. ಆಮೇಲೆ ಚಿಕ್ಕಪ್ಪ ಉಸಿರು ಸಾಲದೆ ಕೂತುಬಿಟ್ಟ.

‘ಹೊಡೆದದ್ದು ಇವನು, ಆಯ್ತು,’ ಎಂದ. ‘ಹಾಗಾದ್ರೆ ಮಗು ಬೆಕ್ಕು ಅಂತ ಯಾಕೆ ಹೇಳ್ತು? ಅದರ ಬಾಯಿಂದ ಹಾಗೆ ಹೇಳಿಸಿದ್ದು ಯಾರು? ನಮ್ಮ ಅಣ್ಣನ್ನ ಬೆಟ್ಟಕ್ಕೆ ಕಳಿಸಿದ್ದು ಯಾರು?’

ನನ್ನ ಗಂಡನ ಬಾಯಿ ತುಂಬ ರಕ್ತ. ತಲೆ ಅಲ್ಲಾಡಿಸಿದ. ನಿಮ್ಮ ಹೆಸರು ಹೇಳಲಿಲ್ಲ. ಏನಿದ್ದರೂ ಅವನು ನಿಮ್ಮ ಶಿಷ್ಯ.

ನಾನು ಹೇಳಿದೆ. ನೀವು ಹೊಡೆದದ್ದು, ನಿಲ್ಲಿಸಿದ್ದು, ಎಲ್ಲವನ್ನೂ ಹೇಳಿದೆ. ಚಿಕ್ಕಪ್ಪ ಎದ್ದು ಬಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ‘ನೀನು ಮಗು ಕಣೆ, ನೀನೇನು ಮಾಡ್ತೀಯ’ ಎಂದ. ಆಗ ನನಗೆ ಅಳು ಬಂತು.

ಪ್ರಸಂಗವನ್ನು ಪುಸ್ತಕದಿಂದ ತೆಗೆಯುತ್ತೇನೆ ಎಂದು ಬರೆದಿದ್ದೀರಿ. ತೆಗೆಯಬೇಡಿ, ತೆಗೆದು ಅಚ್ಚಿಗೆ ಕೊಟ್ಟಿದ್ದರೆ ಮತ್ತೆ ಸೇರಿಸಿ. ನನ್ನ ಹೆಸರು, ವಯಸ್ಸು, ಊರು ಹಾಕಿ. ನನ್ನ ಗಂಡನ ಹೆಸರು ಹಾಕಿ. ಅಪ್ಪ ಹೇಗೆ ಸತ್ತ ಎಂದು ಹಾಕಿ. ಆಮೇಲೆ ನಿಮ್ಮ ಹೆಸರು ಹಾಕಿ. ಬೆಕ್ಕು ಮರದಿಂದ ಹಾರಿತೇ, ಪೊದೆಯಿಂದ ಬಂತೇ ಎಂದು ಕೇಳಿದ್ದಿರಿ. ನಿಮ್ಮ ಕೋಣೆಯಿಂದ ಬಂತು ಎಂದು ಬರೆಯಿರಿ.

ಮುಂದಿನ ತಿಂಗಳು ನಾಹಾ ಪಟ್ಟಣದಿಂದ ಪತ್ರಿಕೆಯವರು ಬೆಟ್ಟದ ಬೆಕ್ಕನ್ನು ನೋಡಲು ಬರುತ್ತಾರಂತೆ. ಬೆಟ್ಟ ಹತ್ತುವ ಮೊದಲು ನಮ್ಮ ಮನೆಗೆ ಬನ್ನಿ ಎಂದು ಹೇಳಿ ಕಳಿಸಿದ್ದೇನೆ. ಸೆಪ್ಟೆಂಬರ್ ಹನ್ನೊಂದರ ನಿಮ್ಮ ಪತ್ರವನ್ನು ನಾನು ಸುಟ್ಟಿಲ್ಲ.

ಇರಬು ಸನ್ರಾ ಅವರ ಮಗಳು
ನಾಬಿ